ಕೋಲಾರ ಸೀಮೆಯ ಇತಿಹಾಸ ನಕ್ಷೆ: ಹೆಸರು ಪಾಸು, ಗಡಿ ಫೇಲು

ಕೋಲಾರ, ಚಿಕ್ಕಬಳ್ಳಾಪುರದ ಪುಸ್ತಕದಂಗಡಿಗಳಲ್ಲಿ ಸಿಗುವ ಈ ಲ್ಯಾಮಿನೇಷನ್ ಗೋಡೆ ನಕ್ಷೆಯಲ್ಲಿ ಗಂಗರ ಕಾಲದಿಂದ 2007ರ ಜಿಲ್ಲೆ ವಿಭಜನೆಯವರೆಗೆ, ಕಾಲಕ್ಕೊಂದರಂತೆ ಆರು ಚೌಕಗಳಿವೆ. ಹೆಸರುಗಳ ಮಟ್ಟಿಗೆ ಕೆಲಸ ಅಚ್ಚುಕಟ್ಟು. ಗಂಗರ ಮೊದಲ ರಾಜಧಾನಿಯನ್ನು ಕುವಳಾಲ ಎಂದೇ ಹಾಕಿದ್ದಾರೆ. ಚೋಳರ ಚೌಕದಲ್ಲಿ ಅದೇ ಸೀಮೆ ನಿಗರಿಲಿ ಚೋಳಮಂಡಲ. ಶಾಲೆಯ ಚಾರ್ಟುಗಳಲ್ಲಿ ಈ ಹೆಸರು ಸಿಗುವುದೇ ಅಪರೂಪ.

ಎಡವಟ್ಟಾಗಿರುವುದು ಗಡಿಯಲ್ಲಿ. 2007ಕ್ಕೆ ಮುಂಚಿನ ಅವಿಭಜಿತ ಕೋಲಾರ ಜಿಲ್ಲೆಯ ಗೆರೆಯನ್ನೇ ಎಲ್ಲ ಚೌಕಕ್ಕೂ ಇಟ್ಟು, ಒಳಗಿನ ಬಣ್ಣ ಮಾತ್ರ ಬದಲಿಸಿದ್ದಾರೆ. ಹಾಗಾಗಿ ನೊಳಂಬರ ಸೀಮೆಯಾದ ನೊಳಂಬವಾಡಿ 32000 (ಸೀಮೆಯ ಹೆಸರಿನ ಜೊತೆಗೇ ಬರುವ ಸಂಖ್ಯೆ ಇದು) ಇದೆ, ನೊಳಂಬರ ರಾಜಧಾನಿ ಹೆಂಜೇರು ಇಲ್ಲ. ಅದು ಇಂದಿನ ಹೇಮಾವತಿ, ಆಂಧ್ರಕ್ಕೆ ಸೇರಿದ ಊರು. ಮೊಘಲರು 1687ರಲ್ಲಿ ಮಾಡಿದ ಸಿರಾ ಸುಬಾದ (ಪ್ರಾಂತ್ಯದ) ಚೌಕವಂತೂ ದಂಡ. ಬಸವಾಪಟ್ಟಣ, ಬೂದಿಹಾಳ, ಸಿರಾ, ಪೆನುಕೊಂಡ, ದೊಡ್ಡಬಳ್ಳಾಪುರ, ಹೊಸಕೋಟೆ, ಕೋಲಾರ: ಸುಬಾದ ಒಳಭಾಗಗಳಾದ ಈ ಏಳು ಪರಗಣಗಳಲ್ಲಿ ನಕ್ಷೆಯೊಳಗೆ ಉಳಿದಿರುವುದು ಕೋಲಾರ ಒಂದೇ. ಸಿರಾಕ್ಕೂ ಕೋಲಾರಕ್ಕೂ ಏನು ಸಂಬಂಧ ಎಂದು ಮಕ್ಕಳು ಕೇಳಿದರೆ ಮೇಷ್ಟ್ರು ತಬ್ಬಿಬ್ಬು.

ಹೊಯ್ಸಳರ ಚೌಕ ಮಾತ್ರ ಮೆಚ್ಚಬೇಕಾದ್ದು. ವಿಷ್ಣುವರ್ಧನನ ರಾಜ್ಯಕ್ಕೆ ಶಾಸನಗಳು ಹೇಳುವ ಮೂಡಣ ಎಲ್ಲೆ ನಂಗಲಿಯನ್ನು ಮುಳಬಾಗಿಲು ತಾಲೂಕಿನಲ್ಲಿ ಸರಿಯಾಗಿ ಗುರುತಿಸಿದ್ದಾರೆ. ಆಗ ಎಲ್ಲೆ ಹೇಳುತ್ತಿದ್ದದ್ದೇ ಹೀಗೆ, ಘಾಟಿ, ಊರುಗಳ ಹೆಸರು ಹಿಡಿದು. ಉಳಿದ ಚೌಕಗಳಿಗೂ ಗೆರೆ ಬಿಟ್ಟು ಚುಕ್ಕೆ ಇಟ್ಟಿದ್ದರೆ ಸಾಕಿತ್ತು. ಗಂಗರ ಸೀಮೆಯಾದ ಗಂಗವಾಡಿ 96000 ಎಂದರೆ ಅಷ್ಟು ಹಳ್ಳಿಗಳು ಎಂಬ ಅಡಿಟಿಪ್ಪಣಿಯನ್ನು ಹೊಡೆದುಹಾಕಿ; ಅದು ಹಳ್ಳಿಯ ಲೆಕ್ಕವೋ ಕಂದಾಯದ ಲೆಕ್ಕವೋ ಎಂಬ ವಾದ ವಿದ್ವಾಂಸರಲ್ಲಿ ಇನ್ನೂ ಮುಗಿದಿಲ್ಲ.

ಬೆಂಗಳೂರು, ಕೋಲಾರ, ತುಮಕೂರು ಸೇರಿದ್ದ, ಬ್ರಿಟಿಷರ ಆಡಳಿತ ಕಾಲದ ನಂದಿದುರ್ಗ ಡಿವಿಜನ್, ಆಮೇಲೆ 2007ರಲ್ಲಿ 11 ತಾಲೂಕುಗಳ ಪೈಕಿ 6 ಚಿಕ್ಕಬಳ್ಳಾಪುರಕ್ಕೆ ಹೋದದ್ದು, ಎರಡೂ ಸರಿಯಿವೆ.

ಈಗಾಗಲೇ ಕೊಂಡವರು ದಕ್ಷಿಣ ಭಾರತದ ಖಾಲಿ ನಕ್ಷೆಯ ಮೇಲೆ ಟ್ರೇಸಿಂಗ್ ಹಾಳೆ ಇಟ್ಟು, ಮೊದಲು ಹೇಮಾವತಿ, ಪೆನುಕೊಂಡ, ಸಿರಾ, ನಂಗಲಿ ಗುರುತಿಸಿ, ಆಮೇಲೆ ಪೆನ್ಸಿಲಿನಲ್ಲಿ ಬಣ್ಣ ತುಂಬಲಿ. ಶಾಸನ ತಾಳೆ ನೋಡುವಾಗ ಒಂದು ಎಚ್ಚರ: ಶಾಸನಗಳ ಸಂಗ್ರಹವಾದ ಎಪಿಗ್ರಾಫಿಯಾ ಕರ್ನಾಟಿಕಾದ ಕೋಲಾರ ಸಂಪುಟ (10ನೆಯದು) 1905ರದು. ಈಗ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿರುವ ಚಿಂತಾಮಣಿ, ಬಾಗೇಪಲ್ಲಿ, ಶಿಡ್ಲಘಟ್ಟ ಅದರಲ್ಲೇ ಇವೆ. ಬಂಗಾರಪೇಟೆಯನ್ನು ಬೌರಿಂಗ್‌ಪೇಟೆ ಎಂದು ಹುಡುಕಬೇಕು.

ಮಡಿಚಿದ ಪ್ರತಿ ಬೇಡ, ಸುರುಳಿಯದನ್ನೇ ಕೇಳಿ. ಮಡಿಕೆ ನೇರ ಸಿರಾ ಚೌಕದ ಮೇಲೆ ಬರುತ್ತದೆ, ಅಕ್ಷರ ಬೇಗ ಸವೆಯುತ್ತದೆ.