ಲೋವರಿಂಗ್ ಸ್ಪ್ರಿಂಗ್ ಹಾಕ್ಸಿ 14 ತಿಂಗಳು ಓಡ್ಸಿ, ಈಗ ಬಿಚ್ಚಿಸಿದೀನಿ

ನನ್ನ ಹ್ಯಾಚ್‌ಬ್ಯಾಕಿಗೆ ಗಾಡಿ ಎತ್ತರ 40 ಮಿ.ಮೀ. ಇಳಿಸೋ ಸ್ಪ್ರಿಂಗ್ ಸೆಟ್ ಹಾಕ್ಸಿದ್ದೆ, ಶಾಕ್ ಅಬ್ಸಾರ್ಬರ್ ಮಾತ್ರ ಕಂಪನಿಯಿಂದ ಬಂದಿದ್ದೇ ಇತ್ತು. 14 ತಿಂಗಳು, ಸುಮಾರು 18,000 ಕಿ.ಮೀ. ಆದ್ಮೇಲೆ ಬಿಚ್ಚಿಸಿದೆ. ಸ್ಪ್ರಿಂಗ್ ಕ್ವಾಲಿಟಿ ಬಗ್ಗೆ ನಂದೇನೂ ತಕರಾರಿಲ್ಲ, ಪೇಂಟ್ ಎದ್ದಿಲ್ಲ, ತುಕ್ಕು ಹಿಡಿದಿಲ್ಲ, ಎಷ್ಟು ಇಳಿಸ್ತೀನಿ ಅಂದಿತ್ತೋ ಹೆಚ್ಚುಕಮ್ಮಿ ಅಷ್ಟೇ ಇಳಿಸ್ತು. ಟೈರಿಗೂ ಫೆಂಡರಿಗೂ ಮಧ್ಯ ನಾಲ್ಕು ಬೆರಳು ಹೋಗ್ತಿದ್ದ ಜಾಗ ಎರಡು ಬೆರಳಿಗೆ ಬಂತು, ಗಾಡಿ ನಿಲ್ಲಿಸಿ ಹೋಗುವಾಗ ಪ್ರತಿ ಸಲ ಒಂದ್ಸಲ ತಿರುಗಿ ನೋಡ್ತಿದ್ದೆ, ಅಷ್ಟು ಚೆಂದ ಕಾಣ್ತಿತ್ತು. ಆದ್ರೂ 5ಕ್ಕೆ 2 ಕೊಡ್ತಿದೀನಿ. ಡಬ್ಬಿ ಮೇಲೆ ಹ್ಯಾಂಡ್ಲಿಂಗ್ ಸುಧಾರಿಸುತ್ತೆ ಅಂತ ಬರೆದಿತ್ತು, ನನಗೆ ಆಗಿದ್ದು ಪೂರ್ತಿ ಉಲ್ಟಾ.

ತಳ ತಾಗೋದು ಎಲ್ರಿಗೂ ಗೊತ್ತಿರೋ ವಿಷಯ. 165 ಮಿ.ಮೀ. ಇದ್ದ ಗ್ರೌಂಡ್ ಕ್ಲಿಯರೆನ್ಸ್ (ನೆಲಕ್ಕೂ ಗಾಡಿ ತಳಕ್ಕೂ ಇರೋ ಅಂತರ) 125ಕ್ಕೆ ಬಂತು, ಐದು ಜನ ಕೂತು ಲಗೇಜ್ ಹಾಕಿದ್ರೆ ಇನ್ನೂ ಕಮ್ಮಿ, ಹಂಪ್ಸ್ ಬಂದ್ರೆ ಓರೆಯಾಗಿ ಹತ್ತಿಸ್ಬೇಕು, ಬೇಸ್‌ಮೆಂಟ್ ಪಾರ್ಕಿಂಗ್ ರ‍್ಯಾಂಪಲ್ಲಿ ಬಂಪರ್ ಕೆರೆಯುತ್ತೆ. ಅದಕ್ಕೆ ರೆಡಿಯಾಗೇ ಹಾಕ್ಸಿದ್ದೆ.

ನಾನು ಯೋಚನೆ ಮಾಡದೆ ಇದ್ದಿದ್ದು ಶಾಕ್ ಒಳಗಿನ ಜಾಗದ ಬಗ್ಗೆ. ಗಾಡಿ ನಿಂತಿರೋ ಎತ್ತರದಿಂದ ಚಕ್ರ ಮೇಲಕ್ಕೆ ಹೋಗೋಕೆ ಒಂದಿಷ್ಟು ಜಾಗ ಇರುತ್ತಲ್ಲ, ನನ್ನ ಗಾಡೀಲಿ ಹಿಂದ್ಗಡೆ ಅದು ಹೆಚ್ಚುಕಮ್ಮಿ 80 ಮಿ.ಮೀ. ಇತ್ತು, ಅದ್ರಲ್ಲಿ 40 ನಾನೇ ತಿಂದು ಹಾಕಿದೆ. ಈಗ ಅದೇ ಗುಂಡಿಯ ಪೆಟ್ಟನ್ನ ಅರ್ಧ ಜಾಗದಲ್ಲಿ ತಡೀಬೇಕು ಅಂದ್ರೆ ಸ್ಪ್ರಿಂಗ್ ಎರಡು ಪಟ್ಟು ಗಟ್ಟಿ ಇದ್ರೂ ಸಾಲಲ್ಲ, ನಾಲ್ಕು ಪಟ್ಟು ಬೇಕು, ಯಾಕಂದ್ರೆ ಸ್ಪ್ರಿಂಗ್ ಹಿಡಿದಿಡೋ ಶಕ್ತಿ ಅದು ಅದುಮೋ ದೂರದ ವರ್ಗದ ಲೆಕ್ಕದಲ್ಲಿ ಏರುತ್ತೆ. ನನ್ನ ಸೆಟ್ ಒರಿಜಿನಲ್‌ಗಿಂತ 25 ಪರ್ಸೆಂಟ್ ಗಟ್ಟಿ ಅಷ್ಟೇ. ಮಿಕ್ಕಿದ ಪೆಟ್ಟೆಲ್ಲ ಬಂಪ್ ಸ್ಟಾಪಿಗೆ, ಅಂದ್ರೆ ಶಾಕ್ ಕೊನೇಲಿ ಇರೋ ಆ ರಬ್ಬರ್ ತುಂಡಿಗೆ ಬೀಳುತ್ತೆ. ಡೌಟ್ ಬಂದು ಹಿಂದಿನ ಶಾಕ್ ರಾಡಿಗೆ ಒಂದು ಕೇಬಲ್ ಟೈ ಕಟ್ಟಿ ದಿನಾ ಹೋಗೋ ರೋಡಲ್ಲೇ ಒಂದು ರೌಂಡ್ ಹೋಗಿ ಬಂದೆ, ಟೈ ಸೀದಾ ಬಂಪ್ ಸ್ಟಾಪ್ ತನಕ ತಳ್ಳಿಸ್ಕೊಂಡು ಹೋಗಿತ್ತು. ಹಿಂದಿನ ಸೀಟಲ್ಲಿ ಕೂರೋ ಅಮ್ಮ ಸೊಂಟ ನೋಯುತ್ತೆ ಕಣೋ ಅಂತ ತಿಂಗಳುಗಟ್ಟಲೆ ಹೇಳ್ತಾನೇ ಇದ್ರು, ಕಾರಣ ಇದೇ.

ಸೊಂಟ ನೋವೊಂದೇ ಆಗಿದ್ರೆ ಬೇರೆ ಮಾತು. ತಿರುವಲ್ಲಿ ಹೊರಗಿನ ಚಕ್ರ ಬಂಪ್ ಸ್ಟಾಪ್ ಮೇಲೆ ಕೂತ್ಬಿಟ್ರೆ ಆ ಕಡೆ ಒಂದೇ ಕ್ಷಣದಲ್ಲಿ ಕಲ್ಲಿನಷ್ಟು ಗಟ್ಟಿಯಾಗಿ ಟೈರ್ ಹಿಡಿತ ಬಿಡುತ್ತೆ, ಒಂದು ಮಳೆ ದಿನ ತಿರುವಿನ ಮಧ್ಯ ಸಣ್ಣ ಉಬ್ಬು ಸಿಕ್ಕಿ ಹಿಂಭಾಗ ಅರ್ಧ ಅಡಿ ಪಕ್ಕಕ್ಕೆ ಜಾರಿತು, ಎದುರಿಂದ ಯಾವ ಗಾಡೀನೂ ಬರ್ಲಿಲ್ಲ ಸದ್ಯ. ಆ ರಾತ್ರಿ ನಿದ್ದೆ ಬರ್ಲಿಲ್ಲ ನನಗೆ. ಒರಿಜಿನಲ್ ಸ್ಪ್ರಿಂಗಲ್ಲಿ ಅದೇ ತಿರುವಲ್ಲಿ ಅದೇ ಸ್ಪೀಡಲ್ಲಿ ಎಷ್ಟೋ ಸಲ ಹೋಗಿದೀನಿ.

ಇಳಿಸಿದ್ರೆ ಗಾಡಿ ವಾಲೋದು ಕಮ್ಮಿ ಆಗುತ್ತೆ ಅಂತಾರಲ್ಲ, ಅದೂ ಪೂರ್ತಿ ನಿಜ ಅಲ್ಲ. ಮುಂದ್ಗಡೆ ಮ್ಯಾಕ್‌ಫರ್ಸನ್ ಸ್ಟ್ರಟ್ (ಸ್ಪ್ರಿಂಗೂ ಶಾಕೂ ಒಂದೇ ಕಂಬದ ಥರ ಸೇರಿರೋ ಸಸ್ಪೆನ್ಷನ್) ಇರೋ ಗಾಡಿಗಳಲ್ಲಿ ಬಾಡಿ ಇಳಿದ ಹಾಗೆ ಲೋವರ್ ಆರ್ಮ್‌ನ (ಚಕ್ರವನ್ನ ಕೆಳಗಡೆ ಬಾಡಿಗೆ ಜೋಡಿಸೋ ತೋಳು) ಚಕ್ರದ ಕಡೆ ತುದಿ ಮೇಲಕ್ಕೆ ಎದ್ದು ನಿಲ್ಲುತ್ತೆ, ಆಗ ರೋಲ್ ಸೆಂಟರ್ ಅನ್ನೋದು, ಅಂದ್ರೆ ತಿರುವಲ್ಲಿ ಬಾಡಿ ಯಾವ ಬಿಂದುವಿನ ಸುತ್ತ ವಾಲುತ್ತೋ ಅದು, ಬಾಡಿಗಿಂತ ಜಾಸ್ತಿ ಕೆಳಗೆ ಹೋಗುತ್ತೆ, ಬಾಡಿ ತೂಕದ ಕೇಂದ್ರಕ್ಕೂ ಅದಕ್ಕೂ ಅಂತರ ಹೆಚ್ಚಾಗಿ ವಾಲಿಸೋ ಸನ್ನೆಗೋಲು ಇನ್ನೂ ಉದ್ದ ಆಗುತ್ತೆ. ಸ್ಪ್ರಿಂಗ್ ಗಟ್ಟಿ ಇರೋದ್ರಿಂದ ಅದು ನಮಗೆ ಗೊತ್ತಾಗಲ್ಲ ಅಷ್ಟೇ.

ಇನ್ನು ಟೈರ್. ಇದನ್ನ ದಯವಿಟ್ಟು ಗಮನ ಕೊಟ್ಟು ಓದಿ. ಇಳಿಸಿದ ತಕ್ಷಣ ಕ್ಯಾಂಬರ್ (ಎದುರಿಂದ ನೋಡಿದಾಗ ಚಕ್ರ ವಾಲಿರೋ ಕೋನ) ಬದಲಾಗಿ ಚಕ್ರದ ಮೇಲ್ತುದಿ ಒಳಕ್ಕೆ ವಾಲುತ್ತೆ, ಜೊತೆಗೆ ಸ್ಟೀರಿಂಗ್ ರಾಡ್ ಕೋನ ಬದಲಾಗಿ ಟೋ (ಮೇಲಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರೋ ಕೋನ) ಕೂಡ ಕೆಡುತ್ತೆ, ಟೈರ್ ತಿನ್ನೋದ್ರಲ್ಲಿ ಕ್ಯಾಂಬರಿಗಿಂತ ಟೋನೇ ದೊಡ್ಡ ಕಳ್ಳ. ಫಿಟ್ಟಿಂಗ್ ಮಾಡಿದವರು ಅವತ್ತೇ ಅಲೈನ್‌ಮೆಂಟ್ (ಈ ಕೋನಗಳನ್ನ ಸರಿ ಮಾಡೋ ಕೆಲಸ) ಮಾಡಿ ಕಳಿಸಿದ್ರು, ಆದ್ರೆ ಹೊಸ ಸ್ಪ್ರಿಂಗ್ ಒಂದೆರಡು ವಾರ ಓಡಿದ ಮೇಲೆ ಇನ್ನೂ ಸ್ವಲ್ಪ ಕೂರುತ್ತೆ, ಮತ್ತೊಂದು ಸಲ ಮಾಡಿಸ್ಬೇಕು ಅಂತ ಯಾರೂ ಹೇಳ್ಲಿಲ್ಲ, ನನಗೂ ಗೊತ್ತಿರ್ಲಿಲ್ಲ. 9,000 ಕಿ.ಮೀ.ಗೆ ಮುಂದಿನ ಎರಡೂ ಟೈರಿನ ಒಳ ಅಂಚು ಬೋಳಾಗಿ ಒಂದು ಕಡೆ ತಂತಿ ಕಾಣ್ತಿತ್ತು. ಹೊರಗಿಂದ ನೋಡಿದ್ರೆ ಹೊಸ ಟೈರ್ ಥರಾನೇ ಇತ್ತು! ಪಂಕ್ಚರ್ ಹಾಕ್ಸೋಕೆ ಚಕ್ರ ಬಿಚ್ಚಿದಾಗ ಕಣ್ಣಿಗೆ ಬಿತ್ತು, ಇಲ್ಲಾಂದ್ರೆ ಹೈವೇಲಿ ಒಡೆದ ಮೇಲೇ ಗೊತ್ತಾಗ್ತಿತ್ತೇನೋ. ಇಳಿಸಿರೋ ಗಾಡಿ ಇದ್ರೆ ತಿಂಗಳಿಗೊಂದ್ಸಲ ಒಳ ಅಂಚಿಗೆ ಕೈ ಹಾಕಿ ಸವರಿ ನೋಡಿ.

ಮಿಕ್ಕಿದ್ದು ಚಿಕ್ಕಪುಟ್ಟವು. ಮುಂಭಾಗ ಹಿಂಭಾಗಕ್ಕಿಂತ ಜಾಸ್ತಿ ಇಳಿದು ಹೆಡ್‌ಲೈಟ್ ರೋಡಿಗೆ ಹೊಡೀತಿತ್ತು, ಮತ್ತೆ ಅಡ್ಜಸ್ಟ್ ಮಾಡಿಸ್ದೆ. ಮಾಮೂಲಿ ಜ್ಯಾಕ್ ಕೆಳಗೆ ತೂರಲ್ಲ. 12ನೇ ತಿಂಗಳಿಗೆ ಹಿಂದಿನ ಒಂದು ಶಾಕ್ ಲೀಕ್ ಆಯ್ತು, ಗಟ್ಟಿ ಸ್ಪ್ರಿಂಗ್ ವಾಪಸ್ ಜೋರಾಗಿ ತಳ್ಳುತ್ತೆ, ಕಂಪನಿ ಶಾಕ್ ಅದನ್ನ ಹಿಡಿಯೋಕೆ ಮಾಡಿರೋದಲ್ಲ. ವಾರಂಟಿ ಕೇಳೋಕೆ ಹೋದ್ರೆ ಸ್ಪ್ರಿಂಗ್ ನೋಡಿದ ಕೂಡ್ಲೇ ಆಗಲ್ಲ ಅಂದ್ರು.

ಹಾಗಂತ ಇಳಿಸೋದೇ ತಪ್ಪು ಅಂತ ಹೇಳ್ತಿಲ್ಲ ನಾನು. ಆಸೆ ಇದ್ರೆ 20–25 ಮಿ.ಮೀ.ಗೆ ನಿಲ್ಸಿ, ಆ ಸ್ಪ್ರಿಂಗಿಗೆ ಅಂತಲೇ ಮಾಡಿರೋ ಶಾಕ್ ಜೊತೆಗೇ ತಗೊಳ್ಳಿ, ಎರಡು ಸಲ ಅಲೈನ್‌ಮೆಂಟ್ ಮಾಡ್ಸಿ. ಕಮ್ಮಿ ಖರ್ಚು ಅಂತ ಇರೋ ಸ್ಪ್ರಿಂಗನ್ನೇ ಕಟ್ ಮಾಡಿಸೋದು, ಗ್ಯಾಸಲ್ಲಿ ಕಾಯಿಸಿ ಕೂರಿಸೋದು ಮಾತ್ರ ಬೇಡವೇ ಬೇಡ, ಕಾಯಿಸಿದ್ರೆ ಉಕ್ಕಿನ ಹದ ಹೋಗುತ್ತೆ, ಕಟ್ ಮಾಡಿದ್ದು ಚಕ್ರ ನೇತಾಡಿದಾಗ ತಾನು ಕೂರೋ ಜಾಗದಿಂದ ಜಾರಿ ಹೊರಗೆ ಬರಬಹುದು. ಮತ್ತೆ ಹಳೆ ಸ್ಪ್ರಿಂಗ್ ಅಂಗಡೀಲೇ ಬಿಟ್ಟು ಬರ್ಬೇಡಿ. ನಂದು ಅಟ್ಟದ ಮೇಲೆ ಗೋಣಿಚೀಲದಲ್ಲಿ ಕಟ್ಟಿಟ್ಟಿದ್ದೆ, ನಾಲ್ಕು ಹೊಸ ಶಾಕ್, ಹೊಸ ಬಂಪ್ ಸ್ಟಾಪ್ ತಂದು ಅವನ್ನೇ ವಾಪಸ್ ಹಾಕ್ಸಿದೆ, ಮೊನ್ನೆ ಅಮ್ಮ ಹಿಂದಿನ ಸೀಟಲ್ಲಿ ನಿದ್ದೆ ಮಾಡ್ಕೊಂಡು ಬಂದ್ರು.