ಎರೆಮಣ್ಣಿನ ಇಟ್ಟಂಗಿಗೆ ಯಾವ ಭಟ್ಟಿ? ಬಯಲು ಭಟ್ಟಿ, ಗೋಡೆ ಭಟ್ಟಿ, ಝಿಗ್‌ಜಾಗ್: ಬಳಸಿ ನೋಡಿದ ಹೋಲಿಕೆ

ಮುಧೋಳ ಸೀಮೆಯಲ್ಲಿ ಇಟ್ಟಂಗಿ ಸುಡುವವರಿಗೆ ಅನುಕೂಲಗಳೂ ಇವೆ, ಕಾಟಗಳೂ ಇವೆ. ಘಟಪ್ರಭಾ ದಂಡೆಯ ಮಣ್ಣು ಮತ್ತು ನೀರು ಹತ್ತಿರದಲ್ಲಿಯೇ ಸಿಗುತ್ತವೆ. ಸುತ್ತ ಸಕ್ಕರೆ ಕಾರ್ಖಾನೆಗಳಿರುವುದರಿಂದ ಬಾಯ್ಲರ್ ಬೂದಿಗೆ ಕೊರತೆಯಿಲ್ಲ. ಆದರೆ ಎರೆ ಬೆರೆತ ಮಣ್ಣು ಒಣಗುವಾಗ ಬಿರಿಯುತ್ತದೆ, ಮತ್ತು ಈ ಸುಣ್ಣಕಲ್ಲಿನ ನಾಡಿನ ಮಣ್ಣಿನಲ್ಲಿ ಜೋಳದ ಕಾಳಿನಷ್ಟು ಸಣ್ಣ ಸುಣ್ಣದ ಹರಳುಗಳು ಅಡಗಿರುತ್ತವೆ. ಬೇರೆ ಊರಿನ ಕೆಂಪು ಮಣ್ಣಿನಲ್ಲಿ ಗೆದ್ದ ಭಟ್ಟಿ ಇಲ್ಲಿಯೂ ಗೆಲ್ಲುತ್ತದೆ ಎಂದು ನಂಬಿ ಹಣ ಹೂಡುವಂತಿಲ್ಲ. ಆದ್ದರಿಂದ ನಾನು ಸ್ವತಃ ಸುಟ್ಟು ನೋಡಿದ ಭಟ್ಟಿಗಳನ್ನು ಇಲ್ಲಿ ಅಕ್ಕಪಕ್ಕ ಇಟ್ಟು ನೋಡುತ್ತಿದ್ದೇನೆ. ಪ್ರತಿಯೊಂದರಲ್ಲಿಯೂ ನಾನು ಕೇಳಿಕೊಂಡ ಮುಖ್ಯ ಪ್ರಶ್ನೆ ಒಂದೇ: ಹಾಕಿದ ಉರುವಲಿನ ಕಾವು ಕೊನೆಗೆ ಎಲ್ಲಿಗೆ ಹೋಗುತ್ತದೆ?

ಹೋಲಿಕೆ ನ್ಯಾಯವಾಗಿರಲೆಂದು ಎಲ್ಲ ಕಡೆಯೂ ಒಂದೇ ಗುಂಡಿಯ ಮಣ್ಣು, ಒಂದೇ ಅಚ್ಚು ಬಳಸಿದೆ. ನಮ್ಮ ಒಣಗಿದ ಹಸಿ ಇಟ್ಟಂಗಿ ಹೆಚ್ಚುಕಡಿಮೆ 3 ಕಿಲೋ ತೂಗುತ್ತದೆ. ಕೆಲವು ಇಟ್ಟಂಗಿಗಳ ಮೇಲೆ ಮೊಳೆಯಿಂದ ಗುರುತು ಕೊರೆದು, ಭಟ್ಟಿಯ ನಡುಮಧ್ಯ, ಮೇಲಿನ ವರಸೆ ಮತ್ತು ಮೂಲೆ ಹೀಗೆ ಮೂರು ಜಾಗದಲ್ಲಿ ಇರಿಸಿ, ಉರುವಲನ್ನು ವೇಬ್ರಿಡ್ಜ್‌ನಲ್ಲಿ ತೂಗಿಸಿಯೇ ಒಳಗೆ ತಂದೆ. ಸುಟ್ಟ ಮೇಲೆ ಒಂದಕ್ಕೊಂದು ಬಡಿದು ನಾದ ಕೇಳುವುದು, ಒಡೆದು ಒಳಬಣ್ಣ ನೋಡುವುದು, 24 ತಾಸು ನೀರಿನಲ್ಲಿ ಮುಳುಗಿಸಿ ತೂಕ ಹಿಡಿಯುವುದು, ಇವಿಷ್ಟು ಪರೀಕ್ಷೆಗಳು. ಸಾಮಾನ್ಯ ಇಟ್ಟಂಗಿ ಹೀರುವ ನೀರು ಅದರ ತೂಕದ ಶೇ 20ನ್ನು ಮೀರಬಾರದು ಎಂಬುದು ಭಾರತೀಯ ಮಾನಕ ಐಎಸ್ 1077ರ ನಿಯಮ. ಇದರ ಜೊತೆಗೆ ಸುಟ್ಟ ಇಟ್ಟಂಗಿಯನ್ನು ವಾರಗಟ್ಟಲೆ ಬಯಲಿನಲ್ಲಿ ಬಿಟ್ಟು ನೋಡುವ ರೂಢಿಯನ್ನೂ ಇಟ್ಟುಕೊಂಡೆ, ಏಕೆಂದರೆ ಸುಣ್ಣದ ಹರಳಿನ ಕಿತಾಪತಿ ಭಟ್ಟಿ ಬಿಚ್ಚಿದ ದಿನ ಕಾಣಿಸುವುದಿಲ್ಲ.

ಮೊದಲು ಬಯಲು ಭಟ್ಟಿ. ಹಸಿ ಇಟ್ಟಂಗಿಯನ್ನೇ ಗೋಪುರದಂತೆ ಒಟ್ಟಿ, ಅಡಿಯಲ್ಲಿ ಉರಿ ಹಾಕುವ ಕಿಂಡಿಗಳನ್ನು ಬಿಟ್ಟು, ಹೊರಮೈಗೆ ಕೆಸರು ಮೆತ್ತಿ ಸುಡುವ ಈ ಪದ್ಧತಿ ನಮ್ಮ ಸುತ್ತಲಿನ ಜಿಲ್ಲೆಗಳಲ್ಲಿ ಇಂದಿಗೂ ಕಾಣುತ್ತದೆ. ಬಂಡವಾಳವೆಂಬುದು ಇಲ್ಲವೇ ಇಲ್ಲ. ಬಳ್ಳಾರಿ ಜಾಲಿ, ತೊಗರಿ ಕಟ್ಟಿಗೆ, ಶೇಂಗಾ ಹೊಟ್ಟು, ಏನು ಸಿಕ್ಕರೂ ನಡೆಯುತ್ತದೆ. ಗುಂಡಿಯ ಮಣ್ಣು ಮುಗಿದರೆ ಮುಂದಿನ ಹೊಲಕ್ಕೆ ಹೋಗಬಹುದು. ಆದರೆ ಕಾವಿನ ಲೆಕ್ಕ ಹಿಡಿದರೆ ಇದರಷ್ಟು ದುಂದುಗಾರ ಇನ್ನೊಂದಿಲ್ಲ. ಒಂದು ಕಿಲೋ ಇಟ್ಟಂಗಿ ಸುಡಲು 2ರಿಂದ 3 ಮೆಗಾಜೂಲ್ ಶಾಖ ಬೇಕಾಗುತ್ತದೆ. ಬಿಸಿ ಹೊಗೆ ನೇರವಾಗಿ ಆಕಾಶಕ್ಕೆ ಹೋಗುತ್ತದೆ, ಹೊರಮೈಯಿಂದ ಗಾಳಿಗೆ ಒಂದಷ್ಟು ಸೋರುತ್ತದೆ, ಎಲ್ಲಕ್ಕಿಂತ ಹೆಚ್ಚಾಗಿ ಬೆಂದ ಇಟ್ಟಂಗಿಯ ಹೊಟ್ಟೆಯಲ್ಲಿ ತುಂಬಿಕೊಂಡ ಕಾವೆಲ್ಲ ಭಟ್ಟಿ ಆರುವಾಗ ಯಾರಿಗೂ ಉಪಯೋಗಕ್ಕೆ ಬಾರದೆ ಕರಗಿಹೋಗುತ್ತದೆ. ನಮ್ಮಲ್ಲಿ ಗಾಳಿ ಬಡಿಯುವ ಬದಿಯ ವರಸೆಗಳು ಅರೆಬೆಂದು ಉಳಿದರೆ, ಕಿಂಡಿಯ ಮೇಲಿನವು ಕರಗಿ ಒಂದಕ್ಕೊಂದು ಅಂಟಿಕೊಂಡಿರುತ್ತಿದ್ದವು. ಹತ್ತರಲ್ಲಿ ಎರಡು ಮೂರು ಇಟ್ಟಂಗಿಯನ್ನು ಎರಡನೇ ದರ್ಜೆಗೆ ಹಾಕದೆ ಗತಿಯಿರಲಿಲ್ಲ.

ಬಯಲು ಭಟ್ಟಿಯನ್ನು ಬಿಡದೆಯೇ ಮಾಡಬಹುದಾದ ಒಂದು ಸುಧಾರಣೆ ಇದೆ: ಉರುವಲನ್ನು ಮಣ್ಣಿನೊಳಗೇ ಬೆರೆಸುವುದು. ಸಕ್ಕರೆ ಕಾರ್ಖಾನೆಯ ಬಾಯ್ಲರ್ ಬೂದಿಯಲ್ಲಿ ಪೂರ್ತಿ ಉರಿಯದ ಇದ್ದಲಿನ ಅಂಶ ಉಳಿದಿರುತ್ತದೆ. ಅದನ್ನು ಜರಡಿ ಹಿಡಿದು ಮಣ್ಣಿಗೆ ಸೇರಿಸಿ ತುಳಿಸಿದಾಗ ಎರಡು ಲಾಭ ಒಟ್ಟಿಗೆ ಬಂದವು. ಎರೆಮಣ್ಣಿನ ಜಿಗುಟು ಮುರಿದು ಒಣಗಿಸುವ ಅಂಗಳದಲ್ಲಿಯೇ ಬಿರುಕು ಕಡಿಮೆಯಾಯಿತು, ಮತ್ತು ಪ್ರತಿ ಇಟ್ಟಂಗಿಯೂ ತನ್ನೊಳಗಿನಿಂದಲೇ ಬೇಯತೊಡಗಿದ್ದರಿಂದ ಹೊರಗಿನ ಕಟ್ಟಿಗೆ ಎದ್ದು ಕಾಣುವಷ್ಟು ಉಳಿಯಿತು. ಬಸವನ ಬಾಗೇವಾಡಿ ಕಡೆಯವರಾದರೆ ಕೂಡಗಿಯ 2,400 ಮೆಗಾವ್ಯಾಟ್ ಉಷ್ಣ ವಿದ್ಯುತ್ ಸ್ಥಾವರದ ಹಾರುಬೂದಿಯನ್ನು ಇದೇ ರೀತಿ ಬಳಸಬಹುದು. ಮಣ್ಣಿನ ಜಿಗುಟು ಮುರಿಯಲು ಅದು ಬಾಯ್ಲರ್ ಬೂದಿಯಷ್ಟೇ ಒಳ್ಳೆಯದು, ಆದರೆ ಅದರಲ್ಲಿ ಉರಿಯುವ ಅಂಶ ಕಡಿಮೆ.

ಬೂದಿಯ ವಿಷಯದಲ್ಲಿ ಕೈ ಬಿಗಿಹಿಡಿಯಬೇಕು. ಅಳತೆ ಮೀರಿದಾಗ, ಅಥವಾ ಉರಿ ಅವಸರದಿಂದ ಏರಿದಾಗ, ಹೊರಮೈ ಮುಚ್ಚಿಕೊಂಡುಬಿಟ್ಟು ಒಳಗಿನ ಇದ್ದಲಿಗೆ ಗಾಳಿ ತಲುಪುವುದಿಲ್ಲ. ಅಂಥ ಇಟ್ಟಂಗಿಯನ್ನು ಒಡೆದರೆ ಹೊರಗೆ ಎರಡು ಬೆರಳಿನಷ್ಟು ಕೆಂಪು, ನಡುವೆ ಸೀಸದಕಡ್ಡಿಯ ಬಣ್ಣದ ಕಪ್ಪು ತಿರುಳು. ಬಡಿದರೆ ಟಣ್ ಎನ್ನುವುದಿಲ್ಲ, ಮಡಕೆಯ ಚೂರಿನಂತೆ ಮಂಕಾಗಿ ಸದ್ದು ಮಾಡುತ್ತದೆ. ಕಬ್ಬಿನ ಬೂದಿ ಹೆಚ್ಚಾದ ಕೆಲವು ಇಟ್ಟಂಗಿಗಳ ಮೇಲೆ ಗೋಡೆ ಕಟ್ಟಿದ ನಂತರ ಬಿಳಿ ಉಪ್ಪು ಹೊಮ್ಮಿದ್ದನ್ನೂ ಕಂಡಿದ್ದೇನೆ.

ಎರಡನೆಯದು ಗೋಡೆ ಭಟ್ಟಿ. ಮೂರು ಬದಿಗೆ ಶಾಶ್ವತ ಜೋಡಿ ಗೋಡೆ ಕಟ್ಟಿ, ನಡುವಿನ ಸಂದಿಗೆ ಬೂದಿ ತುಂಬಿ, ನಾಲ್ಕನೆಯ ಬದಿಯನ್ನು ಪ್ರತಿಸಲ ಹಳೆ ಇಟ್ಟಂಗಿಯಿಂದ ಮುಚ್ಚುವ ವ್ಯವಸ್ಥೆ ಇದು. ಉರಿಯ ಕಿಂಡಿಗಳಿಗೆ ಕಮಾನು ಕಟ್ಟಿ, ಒಳಗೆ ಕಬ್ಬಿಣದ ಸರಳಿನ ಜಾಲರಿ ಕೂರಿಸಿದ್ದೆವು. ಮೇಲ್ನೋಟಕ್ಕೆ ಗೋಡೆಯೇ ದೊಡ್ಡ ಬದಲಾವಣೆ ಎನಿಸುತ್ತದೆ; ನನ್ನ ಅನುಭವದಲ್ಲಿ ಜಾಲರಿ ಮಾಡಿದ ಉಪಕಾರ ಅದಕ್ಕಿಂತ ಹೆಚ್ಚಿನದು. ಕಟ್ಟಿಗೆ ನೆಲದ ಮೇಲೆಯೇ ಉರಿದರೆ ಬೂದಿಯಲ್ಲಿ ಹೂತುಹೋಗಿ ಹೊಗೆಯಾಡುತ್ತದೆ. ಜಾಲರಿಯ ಮೇಲೆ ಉರಿದರೆ ಬೂದಿ ಕೆಳಗೆ ಬಿದ್ದು, ಅಡಿಯಿಂದ ಗಾಳಿ ಎಳೆದುಕೊಂಡು ಉರಿ ಸ್ವಚ್ಛವಾಗಿ ಏಳುತ್ತದೆ. ಮೇಲ್ಭಾಗಕ್ಕೆ ಒಂದು ಗೇಣು ಬೂದಿಯ ಹೊದಿಕೆ ಹಾಕಿದ ಮೇಲೆ ಮೂಲೆಯ ಗುರುತಿನ ಇಟ್ಟಂಗಿಗಳೂ ನಡುವಿನವುಗಳ ನಾದಕ್ಕೆ ಸಮೀಪ ಬಂದವು. ಉರುವಲಿನಲ್ಲಿ ಸುಮಾರು ಕಾಲುಭಾಗ ಉಳಿಯಿತು. ಆದರೆ ಮೂಲದ ದೋಷ ಹಾಗೆಯೇ ಉಳಿಯುತ್ತದೆ: ಇದೂ ಒಮ್ಮೆ ಹೊತ್ತಿಸಿ, ಸುಟ್ಟು, ಆರಿಸುವ ಭಟ್ಟಿ. ಪ್ರತಿಸಲ ಗೋಡೆಯನ್ನೂ ಸೇರಿಸಿ ಎಲ್ಲವನ್ನೂ ತಣ್ಣನೆಯ ಸ್ಥಿತಿಯಿಂದ ಕಾಯಿಸಬೇಕು, ಮತ್ತೆ ಆ ಕಾವನ್ನೆಲ್ಲ ಚೆಲ್ಲಬೇಕು.

ಈ ದೋಷವನ್ನು ನಿವಾರಿಸುವ ಉಪಾಯ ಹೊಸದಲ್ಲ. ಜರ್ಮನಿಯ ಫ್ರೆಡ್ರಿಕ್ ಹಾಫ್‌ಮನ್ 1858ರಲ್ಲಿ ಪೇಟೆಂಟ್ ಪಡೆದ ಭಟ್ಟಿಯಲ್ಲಿ ಇಟ್ಟಂಗಿ ನಿಂತಲ್ಲೇ ನಿಂತಿರುತ್ತದೆ, ಬೆಂಕಿಯೇ ಸುತ್ತು ಹೊಡೆಯುತ್ತದೆ. ಒಳಬರುವ ಗಾಳಿ ಬೆಂದ ಇಟ್ಟಂಗಿಗಳ ನಡುವೆ ಹಾದು ತಾನು ಕಾದು, ಅವುಗಳನ್ನು ಆರಿಸಿ, ನಂತರ ಉರಿಯನ್ನು ಸೇರುತ್ತದೆ. ಉರಿಯಿಂದ ಹೊರಟ ಬಿಸಿ ಹೊಗೆ ಮುಂದಿನ ಹಸಿ ಇಟ್ಟಂಗಿಯನ್ನು ಕಾಯಿಸಿ, ತಣ್ಣಗಾದ ಮೇಲಷ್ಟೇ ಚಿಮಣಿ ಏರುತ್ತದೆ. ಬುಲ್ ಎಂಬ ಬ್ರಿಟಿಷ್ ಎಂಜಿನಿಯರ್ 1876ರಲ್ಲಿ ಇದನ್ನು ಚಾವಣಿಯಿಲ್ಲದ ಅಗ್ಗದ ಕಂದಕಕ್ಕೆ ಇಳಿಸಿದ. ಇಂದಿನ ಝಿಗ್‌ಜಾಗ್ ಭಟ್ಟಿ ಅದರ ಮುಂದಿನ ಹೆಜ್ಜೆ. ಇಟ್ಟಂಗಿ ಒಟ್ಟುವ ಕ್ರಮದಿಂದಲೇ ಗಾಳಿ ಎಡಕ್ಕೂ ಬಲಕ್ಕೂ ಹೊರಳುತ್ತ ಹಾವಿನಂತೆ ಸಾಗುವ ಹಾಗೆ ಮಾಡುತ್ತಾರೆ. ದಾರಿ ಉದ್ದವಾದಷ್ಟೂ ಗಾಳಿ ಮತ್ತು ಕಲ್ಲಿದ್ದಲಿನ ಪುಡಿ ಚೆನ್ನಾಗಿ ಬೆರೆತು, ಕಾವು ಇಟ್ಟಂಗಿಗೆ ಇಳಿಯಲು ಹೆಚ್ಚು ಸಮಯ ಸಿಗುತ್ತದೆ. ಗಾಳಿ ಹೊರಳದೆ ನೇರವಾಗಿ ಸಾಗುವ ಹಳೆಯ ಮಾದರಿಯ ಚಿಮಣಿ ಭಟ್ಟಿಗೆ ಕಿಲೋ ಇಟ್ಟಂಗಿಗೆ ಸುಮಾರು 1.2 ಮೆಗಾಜೂಲ್ ಬೇಕಾದಲ್ಲಿ, ಚೆನ್ನಾಗಿ ನಡೆಸಿದ ಝಿಗ್‌ಜಾಗ್‌ಗೆ 1ರ ಆಸುಪಾಸು ಸಾಕು. ಕಿಲೋಗೆ 21 ಮೆಗಾಜೂಲ್ ಕೊಡುವ ಕಲ್ಲಿದ್ದಲಿನಲ್ಲಿ ಲೆಕ್ಕ ಹಾಕಿದರೆ, ನಮ್ಮ ಅಳತೆಯ ಒಂದು ಲಕ್ಷ ಇಟ್ಟಂಗಿಗೆ ಮೊದಲನೆಯದರಲ್ಲಿ 17 ಟನ್, ಎರಡನೆಯದರಲ್ಲಿ 14ರಿಂದ 15 ಟನ್. ಬಯಲು ಭಟ್ಟಿಗೆ ಇದೇ ಲೆಕ್ಕ 30 ಟನ್‌ಗಿಂತ ಕೆಳಗೆ ಇಳಿಯುವುದು ಕಷ್ಟ.

ಸಂಬಂಧಿಕರೊಬ್ಬರ ಜೊತೆ ಪಾಲಿನಲ್ಲಿ ಝಿಗ್‌ಜಾಗ್ ನಡೆಸಿದಾಗ ನನಗೆ ತಿಳಿದದ್ದೇನೆಂದರೆ, ಈ ಉಳಿತಾಯ ಕಟ್ಟಡದಿಂದ ತಾನಾಗಿ ಬರುವುದಿಲ್ಲ, ಇದ್ದಲು ಹಾಕುವವನ ಕೈಯಿಂದ ಬರುತ್ತದೆ. ಹಳೆ ರೂಢಿಯವರು ದೊಡ್ಡ ಸಲಿಕೆ ತುಂಬ ಒಮ್ಮೆಗೇ ಸುರಿದು ಹೋಗಿ ಕುಳಿತುಕೊಳ್ಳುತ್ತಾರೆ. ಆಗ ಚಿಮಣಿಯಿಂದ ಕಪ್ಪು ಹೊಗೆ ಬುಸುಗುಡುತ್ತದೆ. ಇಲ್ಲಿ ಒಬ್ಬನೇ ಆಳು ಸಣ್ಣ ಸೌಟಿನಷ್ಟು ಪುಡಿಯನ್ನು ಒಂದು ಕಿಂಡಿಯಿಂದ ಇನ್ನೊಂದಕ್ಕೆ ಬಿಡುವಿಲ್ಲದೆ ಹಾಕುತ್ತ ಹೋಗಬೇಕು. ನಮಗೆ ಸಿಕ್ಕ ಹಿರಿಯ ಕೆಲಸಗಾರ ಕಿಂಡಿಯ ಮುಚ್ಚಳವನ್ನು ಕೊಕ್ಕೆಯಿಂದ ಎತ್ತಿ, ಒಳಗಿನ ಬಣ್ಣ ನೋಡಿ, ಚಿಮಣಿಯತ್ತ ತಲೆಯೆತ್ತಿ, “ಸಾವಕಾರ್ರ, ಹೊಗಿ ಬೆಳ್ಳಗ ಹೊಂಟ್ರ ನಿಮ್ಮ ಇದ್ದಲಿ ಉಳದಂಗ ನೋಡ್ರಿ” ಎನ್ನುತ್ತಿದ್ದರು. ತೂಕದ ಚೀಟಿಗಳೂ ಅವರ ಮಾತನ್ನೇ ಹೇಳಿದವು.

ಎರೆಮಣ್ಣಿನ ಸಮಸ್ಯೆ ಮಾತ್ರ ಝಿಗ್‌ಜಾಗ್‌ನಲ್ಲಿ ಬೇರೊಂದು ರೂಪದಲ್ಲಿ ಎದುರಾಯಿತು. ಹೊಗೆಯೊಳಗಿನ ಆವಿ, ಮುಂದಿನ ತಣ್ಣನೆಯ ಹಸಿ ಇಟ್ಟಂಗಿಗಳ ಮೇಲೆ ನೀರಾಗಿ ಕೂರುತ್ತದೆ. ಕೆಂಪು ಮಣ್ಣು ಅದನ್ನು ತಡೆದುಕೊಳ್ಳುತ್ತದೆ. ಎರೆಮಣ್ಣು ಮೆತ್ತಗಾಗಿ, ಮತ್ತೆ ಕಾವು ತಾಗಿದಾಗ ಜೇಡರ ಬಲೆಯಂತೆ ಸೀಳುತ್ತದೆ. ಬೆಂಕಿಯ ಓಟವನ್ನು ನಿಧಾನ ಮಾಡಿ, ಚೆನ್ನಾಗಿ ಒಣಗಿದ ಇಟ್ಟಂಗಿಯನ್ನಷ್ಟೇ ಒಟ್ಟಿದಾಗ ಇದು ಬಹುಮಟ್ಟಿಗೆ ಹಿಡಿತಕ್ಕೆ ಬಂತು. ಆರುವ ಬದಿಯಲ್ಲಿಯೂ ಅವಸರ ಸಲ್ಲದು: 573 ಡಿಗ್ರಿ ಸೆಲ್ಸಿಯಸ್ ಹತ್ತಿರ ಮರಳಿನ ಹರಳು ತನ್ನ ರಚನೆ ಬದಲಿಸಿ ಕುಗ್ಗುವುದರಿಂದ, ಆ ಹಂತದಲ್ಲಿ ತಂಪು ಗಾಳಿ ನುಗ್ಗಿದರೆ ಕಣ್ಣಿಗೆ ಕಾಣದ ಬಿರುಕು ಬಿದ್ದು ನಾದ ಕೆಡುತ್ತದೆ. ಫ್ಯಾನ್ ಕೂರಿಸಿದ ಭಟ್ಟಿಯಲ್ಲಿ ಗಾಳಿಯ ಎಳೆತ ನಮ್ಮ ಕೈಯಲ್ಲಿರುತ್ತದೆ ನಿಜ, ಆದರೆ ಬೇಸಿಗೆಯಲ್ಲಿ ಕರೆಂಟು ಹೋದಾಗ ಡೀಸೆಲ್ ಜನರೇಟರ್‌ನ ಖರ್ಚು ಇದ್ದಲಿನ ಉಳಿತಾಯವನ್ನು ನುಂಗತೊಡಗುತ್ತದೆ. ಎತ್ತರದ ಚಿಮಣಿಯ ಸಹಜ ಎಳೆತದ ಮಾದರಿಯೇ ನಮ್ಮ ಕಡೆಗೆ ಹೆಚ್ಚು ಹೊಂದುತ್ತದೆ ಎಂಬುದು ನನ್ನ ಅಭಿಪ್ರಾಯ.

ಇನ್ನೆರಡು ಮಾದರಿಗಳಲ್ಲಿ ನಮ್ಮ ಹಸಿ ಇಟ್ಟಂಗಿಯನ್ನು ಪರಿಚಿತರಲ್ಲಿ ಸುಡಿಸಿ ನೋಡಿದ್ದಷ್ಟೇ. ಚೀನಾ ಮೂಲದ, 1996ರಲ್ಲಿ ಮಧ್ಯಪ್ರದೇಶದ ದತಿಯಾದಲ್ಲಿ ಭಾರತಕ್ಕೆ ಕಾಲಿಟ್ಟ ಲಂಬ ಕೊಳವೆಯ ಭಟ್ಟಿ ಉರುವಲಿನ ಮಟ್ಟಿಗೆ ಎಲ್ಲರನ್ನೂ ಸೋಲಿಸುತ್ತದೆ, ಕಿಲೋಗೆ 0.7ರಿಂದ 1 ಮೆಗಾಜೂಲ್ ಸಾಕು, ಜಾಗವೂ ಕಡಿಮೆ, ಮೇಲೆ ಚಾವಣಿ ಇರುವುದರಿಂದ ಮಳೆಯ ಭಯವಿಲ್ಲ. ಮೇಲಿನಿಂದ ತುಂಬಿದ ಇಟ್ಟಂಗಿ ಒಂದು ದಿನದ ಆಸುಪಾಸಿನಲ್ಲಿ ಕೆಳಗೆ ಬೆಂದು ಇಳಿಯುತ್ತದೆ. ಆ ವೇಗವೇ ನಮ್ಮ ಮಣ್ಣಿಗೆ ಶತ್ರುವಾಯಿತು: ಬಿರುಕು ಹೆಚ್ಚು, ನಾದ ಕಡಿಮೆ, ಮೇಲಿನ ಭಾರ ತಾಳದೆ ಅಂಚು ಮುರಿದವು ಸಾಕಷ್ಟು. ಮಾಲೂರು ಕಡೆ ಬಳಕೆಯಲ್ಲಿರುವ, ಉರಿಯನ್ನು ಮೇಲೇರಿಸಿ ಕಮಾನಿನಿಂದ ಕೆಳಗೆ ಎಳೆಯುವ ಭಟ್ಟಿಯಲ್ಲಿ ಇಟ್ಟಂಗಿ ಎಲ್ಲಕ್ಕಿಂತ ಸುಂದರವಾಗಿ ಬಂತು. ಆದರೆ ಅದು ಬಯಲು ಭಟ್ಟಿಯಷ್ಟೇ ಉರುವಲು ತಿನ್ನುತ್ತದೆ. ಖಾನಾಪುರದ ಜೇಡಿಮಣ್ಣಿನಲ್ಲಿ ಹಂಚು ಅಥವಾ ಗಿಲಾವು ಬೇಡದ ನೋಟದ ಇಟ್ಟಂಗಿ ಮಾಡುವವರಿಗೆ ಅದು ಸರಿ, ನಮಗಲ್ಲ.

ಸುಣ್ಣದ ಹರಳಿಗೆ ಯಾವ ಭಟ್ಟಿಯೂ ಪೂರ್ತಿ ಮದ್ದಲ್ಲ. ಸುಟ್ಟಾಗ ಅದು ಸುಟ್ಟ ಸುಣ್ಣವಾಗಿ, ಮುಂದೆ ಗಾಳಿಯ ತೇವ ಹೀರಿ ಉಬ್ಬಿ, ಇಟ್ಟಂಗಿಯ ಮುಖದಿಂದ ನಾಲ್ಕಾಣೆಯಗಲದ ಚಕ್ಕೆಯನ್ನು ಎಬ್ಬಿಸುತ್ತದೆ. ಆ ಕುಳಿಯ ತಳದಲ್ಲಿ ಬಿಳಿ ಚುಕ್ಕೆ ಕಾಣುತ್ತದೆ. ಮಣ್ಣನ್ನು ಸಣ್ಣ ಜರಡಿ ಹಿಡಿಯುವುದು, ಕಾವು ಎಲ್ಲೆಡೆ 1,000 ಡಿಗ್ರಿ ತಲುಪುವಂತೆ ನೋಡುವುದು, ಹೊಸ ಇಟ್ಟಂಗಿಯನ್ನು ನೀರಿನಲ್ಲಿ ಅದ್ದಿ ತೆಗೆಯುವುದು, ಇವೇ ದಾರಿ. ಕಾವು ಸಮನಾಗಿ ಹರಡುವ ಝಿಗ್‌ಜಾಗ್‌ನಲ್ಲಿ ಈ ಚಕ್ಕೆಗಳು ಎಲ್ಲಕ್ಕಿಂತ ಕಡಿಮೆ ಕಂಡವು.

ಭಟ್ಟಿ ಯಾವುದೇ ಇರಲಿ, ಹಸಿ ಇಟ್ಟಂಗಿಯ ತೇವವನ್ನು ಲೆಕ್ಕಕ್ಕೆ ಹಿಡಿಯದವರು ಉರುವಲಿನ ಬಗ್ಗೆ ದೂರುವಂತಿಲ್ಲ. ಒಂದು ಕಿಲೋ ನೀರನ್ನು ಆವಿ ಮಾಡಲು ಸುಮಾರು 2.6 ಮೆಗಾಜೂಲ್ ಬೇಕು. ಇಟ್ಟಂಗಿಯಲ್ಲಿ ಶೇ 10ರಷ್ಟು ತೇವ ಉಳಿದರೆ 300 ಗ್ರಾಂ ನೀರಿಗೇ 0.8 ಮೆಗಾಜೂಲ್ ಹೋಗುತ್ತದೆ, ಅಂದರೆ ಝಿಗ್‌ಜಾಗ್‌ನ ಇಡೀ ಇಟ್ಟಂಗಿಯ ಖರ್ಚಿನ ಕಾಲುಪಾಲು. ಬಿಸಿಲು ಪುಕ್ಕಟೆ ಮಾಡಿಕೊಡುವ ಕೆಲಸವನ್ನು ಕಲ್ಲಿದ್ದಲಿನಿಂದ ಮಾಡಿಸುವ ಗಡಿಬಿಡಿ ನಮ್ಮಲ್ಲಿ ಏಪ್ರಿಲ್‌ನ ಅಡ್ಡಮಳೆಯ ಹೆದರಿಕೆಗೆ ಹೆಚ್ಚು.

ಹಾಗಾದರೆ ಆಯ್ಕೆ ಯಾವುದು? ಈಗಾಗಲೇ ಸಣ್ಣ ಪ್ರಮಾಣದಲ್ಲಿ ಸುಡುತ್ತಿರುವವರಿಗೆ ಅತಿ ಕಡಿಮೆ ಹಣದಲ್ಲಿ ಅತಿ ಹೆಚ್ಚು ಫಲ ಕೊಡುವುದು ಅಳತೆಯ ಬೂದಿ ಮತ್ತು ಜಾಲರಿ. ಆದರೆ ಹೊಸದಾಗಿ ಆರಂಭಿಸುವವರ ಮುಂದೆ ಆ ದಾರಿ ಮುಚ್ಚಿದೆ. ಕೇಂದ್ರ ಪರಿಸರ ಸಚಿವಾಲಯದ 2022ರ ಫೆಬ್ರುವರಿ ಅಧಿಸೂಚನೆಯಂತೆ ಹೊಸ ಭಟ್ಟಿ ಝಿಗ್‌ಜಾಗ್ ಅಥವಾ ಲಂಬ ಮಾದರಿಯದ್ದಾಗಿರಬೇಕು, ಇಲ್ಲವೇ ಕೊಳವೆ ಅನಿಲದಿಂದ ನಡೆಯಬೇಕು. ಜನವಸತಿ ಮತ್ತು ಹಣ್ಣಿನ ತೋಟಗಳಿಂದ 800 ಮೀಟರ್ ದೂರವಿರಬೇಕು. ಹೊಗೆಯ ಕಣದ ಪ್ರಮಾಣ ಘನ ಮೀಟರ್‌ಗೆ 250 ಮಿಲಿಗ್ರಾಂ ಮೀರಬಾರದು. ಹೊತ್ತಿಸಲು ಹಳೆ ಟೈರ್ ಹಾಕುವ ಕೆಟ್ಟ ಚಾಳಿಗೂ ಅದು ನಿಷೇಧ ಹಾಕಿದೆ. ಹೀಗಾಗಿ ಎರೆಮಣ್ಣಿನ ಸೀಮೆಯಲ್ಲಿ ಉಳಿಯುವುದು ಝಿಗ್‌ಜಾಗ್ ಒಂದೇ, ಅದೂ ಹಂಗಾಮಿನುದ್ದಕ್ಕೂ ಬೆಂಕಿ ಆರದಂತೆ ಹಸಿ ಇಟ್ಟಂಗಿ ಒದಗಿಸಬಲ್ಲವರಿಗೆ. ನಡುವೆ ಬೆಂಕಿ ನಂದಿದರೆ ಮತ್ತೆ ಹೊತ್ತಿಸುವ ಖರ್ಚು ದೊಡ್ಡದು. ಅಷ್ಟು ಪ್ರಮಾಣ ಒಬ್ಬರಿಂದ ಆಗದಿದ್ದರೆ ಇಬ್ಬರು ಮೂವರು ಸೇರಿ ಒಂದು ಭಟ್ಟಿ ಹಾಕುವುದು ಲೇಸು, ಮತ್ತು ಇದ್ದಲು ಹಾಕುವ ಅನುಭವಿ ಆಳನ್ನು ದಸರೆಗೆ ಮುಂಚೆಯೇ ಮಾತಾಡಿಕೊಂಡು ಮುಂಗಡ ಕೊಟ್ಟಿರಬೇಕು. ಹಂಗಾಮು ಶುರುವಾದ ಮೇಲೆ ಹುಡುಕಿದರೆ ಅಂಥವರು ಸಿಗುವುದಿಲ್ಲ.