ಚಾರ್ಟರ್ ಶಾಲೆಯ ಬೋರ್ಡ್‌ಗೆ ಖಜಾಂಚಿಯಾಗಿ ಬನ್ನಿ ಅಂತ ಕರೆದರೆ, ಹೂಂ ಅನ್ನುವ ಮುಂಚೆ ಇದನ್ನು ಓದಿ

ಅಮೆರಿಕದಲ್ಲಿರುವ ನಮ್ಮವರಿಗೆ ಈ ಎಚ್ಚರಿಕೆ. ನಿಮ್ಮ ಮಗು ಓದುವ ಚಾರ್ಟರ್ ಶಾಲೆಯವರು ಬಂದು "ನೀವು ಲೆಕ್ಕದಲ್ಲಿ ಗಟ್ಟಿ, ಬೋರ್ಡ್‌ಗೆ ಖಜಾಂಚಿಯಾಗಿ ಬನ್ನಿ, ತಿಂಗಳಿಗೆ ಒಂದೇ ಮೀಟಿಂಗ್" ಅಂದರೆ ತಕ್ಷಣ ಒಪ್ಪಬೇಡಿ. ಆ ಶಾಲೆಗೆ ಫೆಡರಲ್, ಅಂದರೆ ಅಮೆರಿಕದ ಕೇಂದ್ರ ಸರ್ಕಾರದ, ಗ್ರಾಂಟ್ ಬಂದಿದ್ದರೆ ಅಥವಾ ಬರುವ ಹಾಗಿದ್ದರೆ ಇನ್ನೂ ಹುಷಾರು. ನನ್ನನ್ನು ಕರೆದದ್ದೂ ಹೀಗೇ. ನಮ್ಮ ಮಗಳ ಶಾಲೆ ಈಗಲೂ ನಡೆಯುತ್ತಿದೆ, ಅಲ್ಲಿ ಒಳ್ಳೆಯ ಟೀಚರುಗಳಿದ್ದಾರೆ. ಅದಕ್ಕೇ ಶಾಲೆಯ ಹೆಸರು, ಊರು, ರಾಜ್ಯ ಯಾವುದನ್ನೂ ಹೇಳುವುದಿಲ್ಲ. ಏನೇನಾಯಿತು ಅನ್ನುವುದನ್ನಷ್ಟೇ ಹೇಳುತ್ತೇನೆ.

ಊರಲ್ಲಿ ಕೂತು ಓದುವವರಿಗೆ ಎರಡು ಮಾತು. ಚಾರ್ಟರ್ ಶಾಲೆ ಅಂದರೆ ಸರ್ಕಾರದ ದುಡ್ಡಲ್ಲಿ ಬೇರೆಯದೇ ಒಂದು ಮಂಡಳಿ ನಡೆಸುವ ಶಾಲೆ. ಫೀಸ್ ಇಲ್ಲ. ಸೀಟಿಗಿಂತ ಅರ್ಜಿ ಜಾಸ್ತಿ ಬಂದರೆ ಲಾಟರಿ ಎತ್ತುತ್ತಾರೆ. 1991ರಲ್ಲಿ ಮಿನೆಸೋಟ ರಾಜ್ಯ ಇದಕ್ಕೆ ಮೊದಲ ಕಾನೂನು ಮಾಡಿತು, ಆಮೇಲೆ ಒಂದೊಂದಾಗಿ ಬೇರೆ ರಾಜ್ಯಗಳೂ ಮಾಡಿದವು. ನಮ್ಮ ಕಡೆ ಅನುದಾನಿತ ಶಾಲೆಯಲ್ಲಿ ಮೇಷ್ಟ್ರ ಸಂಬಳ ಸರ್ಕಾರದಿಂದ ಬರುತ್ತದೆ ಅಲ್ವಾ, ಇಲ್ಲಿ ಹಾಗಲ್ಲ. ತಲೆ ಲೆಕ್ಕ. ಎಷ್ಟು ಮಕ್ಕಳೋ ಅಷ್ಟು ದುಡ್ಡು. ಕಟ್ಟಡದ ಬಾಡಿಗೆಯನ್ನೂ ಬಹಳ ಕಡೆ ಅದರಲ್ಲೇ ಹೊಂದಿಸಬೇಕು. ಹಾಗಾಗಿ ಹೊಸ ಶಾಲೆಗಳಿಗೆ ಗ್ರಾಂಟ್ ಅಂದರೆ ಜೀವ.

ಇದರಲ್ಲಿ ದೊಡ್ಡದು ಫೆಡರಲ್ ಸರ್ಕಾರದ ಚಾರ್ಟರ್ ಸ್ಕೂಲ್ಸ್ ಪ್ರೋಗ್ರಾಂ. 2019ರಿಂದ 2024ರವರೆಗೆ ಇದಕ್ಕೆ ವರ್ಷಕ್ಕೆ 44 ಕೋಟಿ ಡಾಲರ್ ಇಟ್ಟಿದ್ದರು. ಹೆಚ್ಚಾಗಿ ಈ ದುಡ್ಡು ರಾಜ್ಯಕ್ಕೆ ಹೋಗಿ, ಅಲ್ಲಿಂದ ಶಾಲೆಗಳಿಗೆ ಉಪ-ಗ್ರಾಂಟ್ ಆಗಿ ಇಳಿಯುತ್ತದೆ. ಹೆಚ್ಚೆಂದರೆ 5 ವರ್ಷ. ಅದರಲ್ಲಿ ಶಾಲೆ ತೆರೆಯುವ ತಯಾರಿಗೆ 18 ತಿಂಗಳಿಗಿಂತ ಜಾಸ್ತಿ ಬಳಸುವ ಹಾಗಿಲ್ಲ. ಹೊಸ ಕಟ್ಟಡ ಕಟ್ಟುವ ಹಾಗೂ ಇಲ್ಲ.

ನಮ್ಮ ಬೋರ್ಡ್‌ನ ಅಧ್ಯಕ್ಷರು ಅರ್ಜಿ ಬರೆಸಲು ಒಬ್ಬ ಸಲಹೆಗಾರನನ್ನು ಕರೆತಂದರು. ಮುಂಗಡ ಬೇಡ, ಗ್ರಾಂಟ್ ಬಂದರೆ ಬಂದದ್ದರಲ್ಲಿ ಶೇಕಡ 7 ಕೊಡಿ ಸಾಕು ಅಂದ. ಕೇಳಲು ಚೆನ್ನಾಗಿದೆ. ಬರದಿದ್ದರೆ ನಮಗೇನೂ ನಷ್ಟ ಇಲ್ಲ, ಅಲ್ವಾ? ಆದರೆ ಅಮೆರಿಕದ ಗ್ರಾಂಟ್ ಬರಹಗಾರರ ಸಂಘದ ನೀತಿ ಸಂಹಿತೆಯೇ ಈ ಥರದ ಕಮಿಷನ್ ತೆಗೆದುಕೊಳ್ಳಬಾರದು ಅನ್ನುತ್ತದೆ. ಕಾರಣವೂ ನೇರವಾಗಿದೆ. ಮೊತ್ತ ದೊಡ್ಡದಾದಷ್ಟೂ ಬರೆಯುವವನ ಪಾಲು ದೊಡ್ಡದಾಗುತ್ತದೆ. ಬರೆದದ್ದನ್ನು ಮಾಡಿ ತೋರಿಸುವ ಕಷ್ಟ ಮಾತ್ರ ಶಾಲೆಯದು. ಜೊತೆಗೆ, ಆ ಕಮಿಷನ್ ಅನ್ನು ಗ್ರಾಂಟ್ ದುಡ್ಡಿನಿಂದ ಕೊಡುವ ಹಾಗಿಲ್ಲ. ಶಾಲೆಯ ಮಾಮೂಲಿ ಖಾತೆಯಿಂದ, ಅಂದರೆ ಮಕ್ಕಳ ತಲೆ ಲೆಕ್ಕದ ದುಡ್ಡಿನಿಂದ ಕೊಡಬೇಕು. ಮೀಟಿಂಗ್‌ನಲ್ಲಿ ಇದನ್ನು ಹೇಳಿದೆ. "ಎಲ್ಲರೂ ಹೀಗೇ ಮಾಡುತ್ತಾರೆ" ಅಂದರು. ವೋಟಿಗೆ ಹಾಕಿದರು, ನಾನು ಸೋತೆ. ನನ್ನ ವಿರೋಧವನ್ನು ಮಿನಿಟ್ಸ್‌ನಲ್ಲಿ ಬರೆಸಿದೆ. ನೀವೂ ಬರೆಸಿ. ಮುಂದೆ ಆ ಎರಡು ಸಾಲು ನನಗೆ ಎಷ್ಟು ಉಪಯೋಗಕ್ಕೆ ಬಂತು ಅಂತ ನನಗೇ ಗೊತ್ತು.

ಅರ್ಜಿಯ ಕರಡು ಬಂತು. ಬಹಳ ಚೆಂದದ ಇಂಗ್ಲಿಷ್. ಮಧ್ಯದ ಒಂದು ಪುಟದಲ್ಲಿ "ನಮ್ಮ ನದಿ ತೀರದ ಮಕ್ಕಳು" ಅಂತ ಇತ್ತು. ನಮ್ಮೂರಲ್ಲಿ ನದಿ ಇರಲಿ, ನೆಟ್ಟಗೆ ಒಂದು ಹಳ್ಳವೂ ಇಲ್ಲ. ಬೇರೆ ಯಾವುದೋ ಶಾಲೆಗೆ ಬರೆದದ್ದನ್ನು ಎತ್ತಿ ನಮಗೆ ಅಂಟಿಸಿದ್ದ. ನದಿಯನ್ನು ತೆಗೆಸಿದರು. ಆದರೆ ಅದರ ಜೊತೆ ಬಂದಿದ್ದ ಭರವಸೆಗಳೆಲ್ಲ ಹಾಗೇ ಉಳಿದವು. ಪ್ರತಿ ವರ್ಷ ಇಷ್ಟಿಷ್ಟು ಮಕ್ಕಳು ಹೆಚ್ಚುತ್ತಾರೆ, ಓದು ಕಲಿಸಲು ಪ್ರತ್ಯೇಕ ಟೀಚರುಗಳು ಇರುತ್ತಾರೆ, ದೂರದ ಮಕ್ಕಳಿಗೆ ವ್ಯಾನ್ ಬಿಡುತ್ತೇವೆ ಅಂತೆಲ್ಲ. ಓದುವಾಗ ಇವು ಬರೀ ಆಸೆಯ ಮಾತುಗಳ ಹಾಗೆ ಕಾಣುತ್ತವೆ. ಗ್ರಾಂಟ್ ಮಂಜೂರಾದ ಮೇಲೆ ಇವೇ ಷರತ್ತುಗಳು. ವ್ಯಾನ್ ಎಲ್ಲಿ ಅಂತ ಕೇಳಿಯೇ ಕೇಳುತ್ತಾರೆ.

ಮಂಜೂರಾಯಿತು. ಆರು ಲಕ್ಷ ಡಾಲರ್‌ಗಿಂತ ಸ್ವಲ್ಪ ಜಾಸ್ತಿ. ಸ್ಟಾಫ್ ರೂಮಿಗೆ ದೊಡ್ಡ ಕೇಕ್ ಬಂತು, ಮೇಲೆ ನೀಲಿ ಕ್ರೀಮಿನಲ್ಲಿ ಆ ಮೊತ್ತವನ್ನೇ ಬರೆಸಿದ್ದರು. ಆ ವಾರವೇ ಪ್ರಿನ್ಸಿಪಾಲರು ಕ್ಲಾಸ್‌ರೂಮುಗಳಿಗೆ ಮೇಜು ಕುರ್ಚಿ ಆರ್ಡರ್ ಮಾಡಿದರು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದು ಅಂತಾರಲ್ಲ, ಇದೇ. ಮಂಜೂರಾತಿ ಪತ್ರದಲ್ಲಿ ಗ್ರಾಂಟ್ ಜುಲೈ 1ರಿಂದ ಶುರು ಅಂತ ಸ್ಪಷ್ಟವಾಗಿತ್ತು. ಅದಕ್ಕಿಂತ ಮೊದಲು ಮಾಡಿದ ಖರ್ಚಿಗೆ ಮುಂಚೆಯೇ ಬರವಣಿಗೆಯಲ್ಲಿ ಒಪ್ಪಿಗೆ ತೆಗೆದುಕೊಂಡಿರಬೇಕು. ತೆಗೆದುಕೊಂಡಿರಲಿಲ್ಲ. ಸುಮಾರು 38,000 ಡಾಲರ್ ಬಿಲ್ ಶಾಲೆಯ ತಲೆಗೇ ಬಂತು.

ಅದೇ ಬಿಲ್ಲಿನಲ್ಲಿ ಇನ್ನೊಂದು ಹುಳುಕಿತ್ತು. ಫೆಡರಲ್ ಗ್ರಾಂಟ್ ದುಡ್ಡಿನ ಸಾಮಾನ್ಯ ನಿಯಮಗಳು 2 ಸಿಎಫ್‌ಆರ್ 200 ಅನ್ನುವ ಸರ್ಕಾರಿ ನಿಯಮಾವಳಿಯಲ್ಲಿವೆ. ಆಗ ಸಾಮಾನ್ಯವಾಗಿ 10,000 ಡಾಲರ್ ದಾಟಿದ ಖರೀದಿಗೆ ಒಂದೇ ಅಂಗಡಿಯ ದರ ಸಾಲುತ್ತಿರಲಿಲ್ಲ, ಹಲವು ಕಡೆ ಕೊಟೇಶನ್ ತರಬೇಕಿತ್ತು (2025ರ ಅಕ್ಟೋಬರ್ 1ರಿಂದ ಈ ಮಿತಿ 15,000). ಫೈಲಿನಲ್ಲಿ ಮೂರು ಕೊಟೇಶನ್ ಇದ್ದವು, ನಿಜ. ಆದರೆ ಎರಡರ ಮೇಲಿದ್ದ ತಾರೀಕು ಬಿಲ್ಲಿನ ತಾರೀಕಿಗಿಂತ ಆಮೇಲಿನದು! ಮಾರಿದ ಅಂಗಡಿ ಯಾರದ್ದು ಅಂತ ನೋಡಿದರೆ ಅಧ್ಯಕ್ಷರ ಹೆಂಡತಿಯ ತಮ್ಮನದು. ಸಂಬಂಧಿಕರ ಅಂಗಡಿಯಲ್ಲಿ ಕೊಳ್ಳುವುದೇ ತಪ್ಪು ಅಂತಲ್ಲ. ಆದರೆ ಸಂಬಂಧ ಇರುವವರು ಅದನ್ನು ಮೊದಲೇ ಹೇಳಬೇಕು, ಅಂಗಡಿ ಆರಿಸುವಾಗ ಎದ್ದು ಹೊರಗೆ ಹೋಗಬೇಕು. ಇವರು ಕುರ್ಚಿಯಲ್ಲೇ ಕೂತಿದ್ದರು, ಸಹಿಯನ್ನೂ ಹಾಕಿದ್ದರು.

ಇದು ನಮ್ಮ ಶಾಲೆಯ ಕಥೆ ಮಾತ್ರ ಅಂತ ಅಂದುಕೊಳ್ಳಬೇಡಿ. ನಿರ್ವಹಣಾ ಸಂಸ್ಥೆಗಳ ಕೈಯಲ್ಲಿರುವ 33 ಚಾರ್ಟರ್ ಶಾಲೆಗಳನ್ನು ಶಿಕ್ಷಣ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ ಕಚೇರಿ ಪರಿಶೀಲಿಸಿ 2016ರಲ್ಲಿ ವರದಿ ಕೊಟ್ಟಿತು. ಅದರಲ್ಲಿ 22 ಶಾಲೆಗಳ ಒಳ ನಿಯಂತ್ರಣ ಸಡಿಲವಾಗಿತ್ತು. ಸ್ವಂತದವರ ಜೊತೆ ವ್ಯವಹಾರ, ಒಬ್ಬರೇ ಎಲ್ಲ ಲೆಕ್ಕ ನೋಡಿಕೊಳ್ಳುವುದು, ಇಂಥವೇ.

ಈಗ ಮುಖ್ಯ ವಿಷಯ. ನಮ್ಮ ಜನ ಮೋಸ ಹೋಗುವುದು ಇಲ್ಲೇ. ಗ್ರಾಂಟ್ ಮಂಜೂರಾಯಿತು ಅಂದರೆ ದುಡ್ಡು ಖಾತೆಗೆ ಬಂತು ಅಂತ ಅರ್ಥ ಅಲ್ಲ. ರಾಜ್ಯದ ಮೂಲಕ ಬರುವ ಗ್ರಾಂಟ್ ಬಹುಪಾಲು ಮರುಪಾವತಿ ಲೆಕ್ಕದ್ದು. ಮೊದಲು ನೀವು ಕೈಯಿಂದ ಖರ್ಚು ಮಾಡಿ, ಆಮೇಲೆ ಬಿಲ್ಲು, ದುಡ್ಡು ಕೊಟ್ಟ ದಾಖಲೆ ಎಲ್ಲ ಕಳಿಸಿ, ಅವರು ನೋಡಿ ಒಪ್ಪಿದ ಮೇಲೆ ದುಡ್ಡು. ಹತ್ತಾರು ಸರ್ಕಾರಿ ಶಾಲೆ ನಡೆಸುವ ದೊಡ್ಡ ಸ್ಕೂಲ್ ಡಿಸ್ಟ್ರಿಕ್ಟ್‌ಗಳಿಗೆ ಇದು ಲೆಕ್ಕಕ್ಕಿಲ್ಲ, ಅವರ ಬ್ಯಾಂಕಿನಲ್ಲಿ ದುಡ್ಡಿರುತ್ತದೆ. ಮೂರು ನೂರು ಮಕ್ಕಳ ಶಾಲೆಗೆ ಇದು ನುಂಗಲಾರದ ತುತ್ತು.

ನಮ್ಮ ಮೊದಲ ಕ್ಲೇಮ್ ವಾಪಸ್ ಬಂತು. ಯಾಕೆ ಗೊತ್ತಾ? ಆನ್‌ಲೈನ್‌ನಲ್ಲಿ ತರಿಸಿದ ಕ್ಲಾಸ್‌ರೂಮ್ ಸಾಮಾನಿನ ಬಿಲ್ಲಿನ ಕೊನೆಯಲ್ಲಿ ಸ್ಟಾಫ್ ರೂಮಿನ ಕಾಫಿ ಪುಡಿಯೂ ಇತ್ತು. ಅದನ್ನು ಕಳೆದು ಹೊಸದಾಗಿ ಕಳಿಸಿದೆವು. ಕ್ರೆಡಿಟ್ ಕಾರ್ಡ್ ಸ್ಟೇಟ್‌ಮೆಂಟ್ ಸಾಲದು, ಕಾರ್ಡಿನ ಬಾಕಿ ಕಟ್ಟಿದ ದಾಖಲೆಯೂ ಬೇಕು ಅಂತ ಮತ್ತೆ ಬಂತು. ಅವರು ಕೇಳಿದ್ದು ತಪ್ಪಲ್ಲ, ಜನರ ದುಡ್ಡು. ಆದರೆ ಅಷ್ಟರಲ್ಲಿ ಸಂಬಳದ ದಿನ ಬಂತು. ಅಧ್ಯಕ್ಷರು ಬರಬೇಕಾದ ದುಡ್ಡನ್ನು ತೋರಿಸಿ ಒಂದು ಫೈನಾನ್ಸ್ ಕಂಪನಿಯಿಂದ ಸಾಲ ಎತ್ತಿದರು. ಬಡ್ಡಿ ಜೋರಾಗಿತ್ತು. ಆ ಬಡ್ಡಿಯನ್ನು ಗ್ರಾಂಟ್‌ಗೆ ಹಾಕಬಹುದು ಅಂತ ಅವರು ನಂಬಿದ್ದರು. ಆಗುವುದಿಲ್ಲ. ದಿನನಿತ್ಯದ ಖರ್ಚಿಗೆ ಮಾಡಿದ ಸಾಲದ ಬಡ್ಡಿಯನ್ನು ಫೆಡರಲ್ ನಿಯಮ ಒಪ್ಪುವುದೇ ಇಲ್ಲ. ಆರು ಲಕ್ಷ ಮಂಜೂರಾದ ವರ್ಷವೇ ಶಾಲೆ ಸಾಲಕ್ಕೆ ಬಿತ್ತು.

ಸಂಬಳದ ದಾಖಲೆಯದು ಇನ್ನೊಂದು ಕಥೆ. ಓದು ಕಲಿಸುವ ಟೀಚರ್ ಒಬ್ಬರ ಸಂಬಳ ಅರ್ಧ ಟೈಟಲ್ ಒನ್ (ಬಡ ಮಕ್ಕಳು ಹೆಚ್ಚಿರುವ ಶಾಲೆಗಳಿಗೆ ಬರುವ ಫೆಡರಲ್ ನೆರವು) ದುಡ್ಡಿನಿಂದ, ಅರ್ಧ ಈ ಗ್ರಾಂಟ್‌ನಿಂದ. ಹೀಗಿದ್ದಾಗ ಯಾವ ಕೆಲಸಕ್ಕೆ ಎಷ್ಟು ಹೊತ್ತು ಕೊಟ್ಟರು ಅನ್ನುವ ದಾಖಲೆ ಆಗಿಂದಾಗ್ಗೆ ಬರೆದಿಟ್ಟಿರಬೇಕು. ಬಜೆಟ್‌ನಲ್ಲಿ ಅರ್ಧರ್ಧ ಅಂತ ಇದೆ ಅಂದರೆ ನಡೆಯುವುದಿಲ್ಲ. ನಮ್ಮಲ್ಲಿ ಪರಿಶೀಲನೆಗೆ ಬರುತ್ತಾರೆ ಅಂತ ಗೊತ್ತಾದ ಮೇಲೆ ಇಡೀ ವರ್ಷದ ಹಾಳೆಗಳನ್ನು ಆಫೀಸಿನಲ್ಲಿ ಒಂದೇ ಸಲ ಕೂತು ತುಂಬಿಸಿದ್ದಾರೆ. ಒಂದೇ ಪೆನ್ನು, ಒಂದೇ ಓರೆ ಸಹಿ. ಪರಿಶೀಲನೆಗೆ ಬಂದಾಕೆ ಹಾಳೆ ತಿರುವುತ್ತಾ ಹೋಗಿ ಒಂದು ಕಡೆ ನಿಂತರು. "ಈ ದಿನ ಹಿಮ ಬಿದ್ದು ನಿಮ್ಮ ಶಾಲೆಗೆ ರಜೆ ಇತ್ತಲ್ಲವೇ?" ಅಂದರು. ಆ ದಿನ ನಾಲ್ಕು ಗಂಟೆ ಗ್ರಾಂಟ್ ಕೆಲಸ ಅಂತ ಬರೆದಿತ್ತು. ಪಾಪ, ಆ ಟೀಚರ್ ನಿಜವಾಗಿಯೂ ವರ್ಷವಿಡೀ ಮಕ್ಕಳಿಗೆ ಕಲಿಸಿದ್ದರು, ಬರೆಸಿದ ಕಡೆ ಸಹಿ ಹಾಕಿದ್ದು ಅಷ್ಟೇ. ಆದರೂ ಅವರ ಸಂಬಳದ ಗ್ರಾಂಟ್ ಪಾಲು ಪೂರ್ತಿ ಆಕ್ಷೇಪಕ್ಕೆ ಹೋಯಿತು.

ಲ್ಯಾಪ್‌ಟಾಪ್‌ಗಳದ್ದೂ ಹಾಗೇ. ಗ್ರಾಂಟ್‌ನಲ್ಲಿ ಕೊಂಡ ಒಂದೊಂದಕ್ಕೂ ಚೀಟಿ ಅಂಟಿಸಿ, ಸೀರಿಯಲ್ ನಂಬರ್, ಯಾವ ದುಡ್ಡಿನಿಂದ ಬಂತು, ಎಲ್ಲಿದೆ ಅಂತ ಪಟ್ಟಿ ಇಡಬೇಕೆಂದು ರಾಜ್ಯದವರು ಹೇಳಿದ್ದರು. ಚೀಟಿಗಳ ಸುರುಳಿ ಸ್ಟೋರ್ ರೂಮಿನಲ್ಲಿ ಪ್ಲಾಸ್ಟಿಕ್ ಕೂಡ ಬಿಚ್ಚದೆ ಬಿದ್ದಿತ್ತು.

ಸಣ್ಣದೊಂದು ಮೋಸ, ಆದರೆ ಬಹಳ ಜನ ಬೀಳುತ್ತಾರೆ. ಫೆಡರಲ್ ಗ್ರಾಂಟ್‌ಗೆ ನೇರವಾಗಿ ಅರ್ಜಿ ಹಾಕಲು ಸ್ಯಾಮ್ ಡಾಟ್ ಗವ್ ಅನ್ನುವ ಸರ್ಕಾರಿ ತಾಣದಲ್ಲಿ ನೋಂದಣಿ ಬೇಕು, ಪ್ರತಿ ವರ್ಷ ನವೀಕರಿಸಬೇಕು. ಇದು ಪೂರ್ತಿ ಉಚಿತ. "ನಿಮ್ಮ ನೋಂದಣಿ ಮುಗಿಯುತ್ತಿದೆ, ಕೂಡಲೇ ಹಣ ಕಟ್ಟಿ" ಅಂತ ಸರ್ಕಾರದ್ದೇ ಅನ್ನಿಸುವ ಹಾಗೆ ಇಮೇಲ್ ಬರುತ್ತದೆ. ನಮ್ಮ ಆಫೀಸಿನವರು ಹೆದರಿ ಕಟ್ಟಿಬಿಟ್ಟರು. ದುಡ್ಡು ಕೇಳಿದರೆ ಅದು ಸರ್ಕಾರ ಅಲ್ಲ.

ಕೊನೆಗೆ ಆಡಿಟ್. ಒಂದು ವರ್ಷದಲ್ಲಿ ಖರ್ಚು ಮಾಡಿದ ಎಲ್ಲ ಫೆಡರಲ್ ದುಡ್ಡು, ಮಧ್ಯಾಹ್ನದ ಊಟದ್ದೂ ಸೇರಿ, ಒಂದು ಮಿತಿ ದಾಟಿದರೆ ಸಿಂಗಲ್ ಆಡಿಟ್ ಅನ್ನುವ ವಿಶೇಷ ಆಡಿಟ್ ಮಾಡಿಸಲೇಬೇಕು. ಆಗ ಮಿತಿ 7.5 ಲಕ್ಷ ಡಾಲರ್ ಇತ್ತು. 2024ರ ಅಕ್ಟೋಬರ್ 1ರಿಂದ ಈಚೆಗೆ ಶುರುವಾಗುವ ಲೆಕ್ಕದ ವರ್ಷಗಳಿಗೆ 10 ಲಕ್ಷ. ನಾವು ದಾಟಿದ್ದೆವು, ಆಡಿಟರ್ ಸರಿಯಾಗಿ ಬರೆದರು. ರಾಜ್ಯ ದೊಡ್ಡ ಮೊತ್ತವನ್ನು ವಾಪಸ್ ಕೇಳಿತು. ಕಂತು ಮಾಡಿಕೊಟ್ಟರು, ಅದೇ ಪುಣ್ಯ. ಚಿತ್ರಕಲೆಯ ಟೀಚರ್ ಕೆಲಸ ಹೋಯಿತು, ವ್ಯಾನ್ ನಿಂತಿತು. ಅಧ್ಯಕ್ಷರು "ವೈಯಕ್ತಿಕ ಕಾರಣ" ಅಂತ ರಾಜೀನಾಮೆ ಕೊಟ್ಟರು. ಸಲಹೆಗಾರ ತನ್ನ ಶೇಕಡ 7 ತೆಗೆದುಕೊಂಡು ಯಾವತ್ತೋ ಕೈ ತೊಳೆದುಕೊಂಡಿದ್ದ.

ಎಲ್ಲ ಸರಿಯಾಗಿ ಮಾಡಿದರೂ ಮರುಪಾವತಿ ದುಡ್ಡನ್ನು ಪೂರ್ತಿ ನಂಬಿಕೊಳ್ಳುವ ಹಾಗಿಲ್ಲ. ಕೋವಿಡ್ ಕಾಲದ ಶಾಲಾ ಪರಿಹಾರದ ದುಡ್ಡಿನ ಬಿಲ್ ತೀರಿಸಲು ಹಲವು ರಾಜ್ಯಗಳಿಗೆ ಹೆಚ್ಚಿನ ಸಮಯ ಕೊಟ್ಟಿದ್ದರು. 2025ರ ಮಾರ್ಚ್ 28ರಂದು ಶಿಕ್ಷಣ ಇಲಾಖೆ, ಆ ಗಡುವು ಅವತ್ತೇ ಸಂಜೆ 5 ಗಂಟೆಗೆ ಮುಗಿಯಿತು ಅಂತ ಪತ್ರ ಬರೆಯಿತು. ರಾಜ್ಯಗಳು ಕೋರ್ಟಿಗೆ ಹೋದವು. ರಾಜ್ಯಗಳಿಗೆ ಕೋರ್ಟಿಗೆ ಹೋಗುವ ಶಕ್ತಿ ಇದೆ. ಸಣ್ಣ ಶಾಲೆಗೆ ಆ ತಿಂಗಳ ಬಾಡಿಗೆ ಕಟ್ಟಬೇಕು.

ಹಾಗಾಗಿ ಬೋರ್ಡ್‌ಗೆ ಕರೆದರೆ ಮೊದಲು ಹೋದ ವರ್ಷದ ಆಡಿಟ್ ವರದಿ ಕೇಳಿ. ಸಿಂಗಲ್ ಆಡಿಟ್ ಆಗಿದ್ದರೆ ಅದು ಫೆಡರಲ್ ಆಡಿಟ್ ಕ್ಲಿಯರಿಂಗ್‌ಹೌಸ್ ತಾಣದಲ್ಲಿ ಎಲ್ಲರಿಗೂ ಸಿಗುತ್ತದೆ, ಶಾಲೆಯವರ ಅಪ್ಪಣೆ ಬೇಡ. ಅದರಲ್ಲಿ "ಫೈಂಡಿಂಗ್ಸ್" ಅನ್ನುವ, ಆಡಿಟರ್ ಕಂಡ ಲೋಪಗಳ ಭಾಗವನ್ನು ಮಾತ್ರ ಓದಿದರೂ ಸಾಕು. ಆಮೇಲೆ, ಒಂದು ಪೈಸೆ ಬರದಿದ್ದರೂ ಎಷ್ಟು ತಿಂಗಳ ಸಂಬಳ ಕೊಡುವಷ್ಟು ದುಡ್ಡು ಬ್ಯಾಂಕಿನಲ್ಲಿದೆ ಅಂತ ಕೇಳಿ. ಚೆಕ್ ಬರೆಯುವವರೂ ಲೆಕ್ಕ ಹೊಂದಿಸುವವರೂ ಒಬ್ಬರೇನಾ ಅಂತ ಕೇಳಿ. ಬೋರ್ಡ್ ಸದಸ್ಯರಿಗೆ ವಿಮೆ ಇದೆಯಾ ಅಂತಲೂ ಕೇಳಿ. ಮಂಜೂರಾತಿ ಪತ್ರವನ್ನು ಕೈಯಲ್ಲಿ ಹಿಡಿದು ನೀವೇ ಓದಿ, ಬೇರೆಯವರು ಹೇಳುವ ಸಾರಾಂಶ ಬೇಡ. ನೇರ ಉತ್ತರ ಸಿಗಲಿಲ್ಲವಾ, ಲೈಬ್ರರಿಯಲ್ಲಿ ಪುಸ್ತಕ ಜೋಡಿಸಲು ಬರುತ್ತೇನೆ ಅನ್ನಿ. ಅದೂ ಸೇವೆಯೇ.

ಆ ಸಲಹೆಗಾರ ಈಗ ಬೇರೊಂದು ರಾಜ್ಯದಲ್ಲಿ ಕೆಲಸ ಹುಡುಕುತ್ತಿದ್ದಾನೆ. ಅವನ "ಗೆದ್ದ ಗ್ರಾಂಟ್" ಪಟ್ಟಿಯನ್ನು ಗೆಳೆಯರೊಬ್ಬರು ಕಳಿಸಿದರು. ನಮ್ಮ ಶಾಲೆಯ ಆರು ಲಕ್ಷ ಅಲ್ಲಿ ಪೂರ್ತಿ ಇದೆ. ವಾಪಸ್ ಕಟ್ಟುತ್ತಿರುವುದರ ಸುದ್ದಿ ಇಲ್ಲ. ನಿಮ್ಮ ಶಾಲೆಗೆ ಇಂಥ ಪಟ್ಟಿ ಹಿಡಿದು ಯಾರಾದರೂ ಬಂದರೆ, ಆ ಶಾಲೆಗಳಿಗೆ ನೀವೇ ಫೋನ್ ಮಾಡಿ. ಆಡಿಟ್ ಆದ ಮೇಲೆ ಎಷ್ಟು ಉಳಿಯಿತು ಅಂತ ಕೇಳಿ.